ಇಳಿನೀರು

ದಡದಲ್ಲಿ ನೆಟ್ಟಿದ್ದ ಕಡ್ಡಿಯ ಬುಡದಿಂದ ನೀರು ಒಂದು ಗೇಣು ಹಿಂದೆ ಸರಿದಿತ್ತು. ಮುದುಕ ಅಂಬಿಗ ಈಗ “ಇಳಿನೀರು!” ಎಂದು ಕೂಗಬೇಕಿತ್ತು. ಅಂಬಿಗರ ಬಾಯಲ್ಲಷ್ಟೇ ಉಳಿದಿದ್ದ ಮಾತು ಅದು. ಕೇಳಿದೊಡನೆ, ನೆರೆ ತಗ್ಗಿತೆಂದು ಜನ ಮಹಡಿಗಳಿಂದ ಇಳಿದು ಬರುತ್ತಿದ್ದರು. ಕೊಚ್ಚಿಹೋದವರ ಹೆಣ ಹುಡುಕಲು ದೋಣಿಗಳು ಹೊರಡುತ್ತಿದ್ದವು.

ಈ ಸಲ ಕೊಚ್ಚಿಹೋದವನು ಅವನ ಮಗ.

“ಇಳೀತಾ, ಮಾವ?” ಹಿಂದೆ ಬಂದು ನಿಂತ ಸೊಸೆ ಕೇಳಿದಳು.

ಅವನು ಕಡ್ಡಿ ಕಿತ್ತು ನೀರೊಳಗೆ ನೆಟ್ಟ. “ಎಲ್ಲಿ ಇಳೀತು, ತಾಯಿ? ನೋಡು, ಕಡ್ಡಿ ಇನ್ನೂ ನೀರಲ್ಲೇ ಇದೆ. ನಿನ್ನ ಗಂಡ ಎಲ್ಲೋ ಮರ ಹಿಡ್ಕೊಂಡು ಕೂತಿರ್ತಾನೆ ಬಿಡು.”

ಅವಳು ಪಕ್ಕದಲ್ಲಿ ಕುಳಿತಳು. ನೀರು ಮತ್ತೆ ಸರಿಯಿತು. ಮುದುಕ ಕೈ ಚಾಚುವ ಮೊದಲೇ ಸೊಸೆ ಕಡ್ಡಿ ಕಿತ್ತು, ಇನ್ನೂ ಆಳಕ್ಕೆ ನೆಟ್ಟಳು.