ಎಂಜಿನ್ ನಿಂತ ಮೇಲೆ

ಗಂಡಸಿ ದಾಟಿ ಜಾವಗಲ್ ಕಡೆ ಹೊರಳುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಇಬ್ಬರೇ ಕೂರುವ ಆ ಪುಟ್ಟ ವಿಮಾನದಲ್ಲಿ ಈಗ ಗಾಳಿಯ ಸದ್ದೊಂದೇ ಉಳಿದಿತ್ತು.

"ಯಾಕವ್ವ ಆಫ್ ಮಾಡ್ದೆ?" ಎಂದರು ಚನ್ನಬಸವಯ್ಯ. ಮಗಳಿಗೆ ಪೈಲಟ್ ಲೈಸೆನ್ಸ್ ಬಂದ ಮೇಲೆ ಅವರು ಅವಳ ಜೊತೆ ಹತ್ತಿದ್ದು ಇದೇ ಮೊದಲು. ಅದೂ ತಮ್ಮ ತೆಂಗಿನ ತೋಟ ಮೇಲಿನಿಂದ ಹೇಗೆ ಕಾಣುತ್ತದೆ ನೋಡೋಣವೆಂದು. ಇಲ್ಲದಿದ್ದರೆ ಆಶಾರಾಣಿಯ ಈ ಹುಚ್ಚು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

"ನಾನು ಮಾಡಿಲ್ಲ ಅಪ್ಪಾಜಿ. ತಾನಾಗೇ ನಿಂತೋಯ್ತು."

ಅವಳು ವಿಮಾನದ ಮೂತಿಯನ್ನು ತುಸು ಕೆಳಗೆ ಬಾಗಿಸಿದಳು. ಇಂಧನ ಬರುತ್ತಿದೆಯೇ ನೋಡಿದಳು. ಸ್ಟಾರ್ಟ್ ಮಾಡಿದಳು, ಇನ್ನೊಮ್ಮೆ ಮಾಡಿದಳು. ಆಗಲಿಲ್ಲ. ರೇಡಿಯೋದಲ್ಲಿ ತಾವಿರುವ ಜಾಗ ತಿಳಿಸಿ, "ಬೆಲ್ಟ್ ಬಿಗಿ ಮಾಡ್ಕೊಳಿ, ಇಳಿಸ್ತೀನಿ" ಎಂದಳು.

"ಎಲ್ಲಿಗೆ? ಕೆಳಗೆಲ್ಲ ತೆಂಗೇ ಐತಲ್ಲ!"

"ಹುಡುಕ್ತಿದೀನಿ. ಸ್ವಲ್ಪ ಹೊತ್ತು ಮಾತಾಡ್ಬೇಡಿ."

ಹುಟ್ಟಿದಾಗಿನಿಂದ ಮಗಳು ಅವರಿಗೆ ಹಾಗೆ ಹೇಳಿದ್ದಿಲ್ಲ. ಚನ್ನಬಸವಯ್ಯ ಬೆಲ್ಟ್ ಬಿಗಿದುಕೊಂಡು ಅವಳ ಕಡೆ ತಿರುಗಿ ಕೂತರು. ತೆಂಗಿನ ಗರಿಗಳು ಒಂದೊಂದಾಗಿ ಕಾಣುವಷ್ಟು ನೆಲ ಮೇಲೆ ಬರುತ್ತಿತ್ತು. ಎರಡು ತೋಟಗಳ ನಡುವೆ ಕೊಯ್ಲಾದ ರಾಗಿ ಹೊಲವೊಂದು ಕಂಡಿತು. ಆಶಾರಾಣಿ ಅತ್ತ ತಿರುಗಿಸಿದಳು. ಹೊಲದ ಈ ತುದಿಗೆ ಕರೆಂಟ್ ತಂತಿ ಹಾದುಹೋಗಿತ್ತು. ಅದನ್ನು ಕಂಡದ್ದೇ ಪಕ್ಕಕ್ಕೆ ಸರಿದು, ಸುತ್ತಿ ಬಂದು, ಇನ್ನೊಂದು ಮೂಲೆಯಿಂದ ಇಳಿಸಿದಳು. ಚಕ್ರ ನೆಲಕ್ಕೆ ಬಡಿಯಿತು. ರಾಗಿ ಕೂಳೆಗಳ ಮೇಲೆ ಕುಲುಕುತ್ತ, ಧೂಳೆಬ್ಬಿಸುತ್ತ ಓಡಿದ ವಿಮಾನ ಬದುವಿಗೆ ಎರಡು ಮಾರು ಇರುವಾಗ ನಿಂತಿತು.

"ಇಳೀರಿ, ಬೇಗ ದೂರ ಬನ್ನಿ!"

ಇಬ್ಬರೂ ಓಡಿ ಹುಣಸೆಮರದಡಿ ನಿಂತು ತಿರುಗಿ ನೋಡಿದರು. ಬೆಂಕಿ ಹತ್ತಲಿಲ್ಲ. ಪಕ್ಕದ ಕಣದಲ್ಲಿ ರಾಗಿ ತೂರುತ್ತಿದ್ದ ಬೋರಮ್ಮ ಎಂಬ ಹೆಂಗಸು ಮೊರ ಎಸೆದು ಓಡಿ ಬಂದಳು. "ಅಯ್ಯೋ ನಮ್ಮವ್ವ, ಏಟೇನಾದ್ರೂ ಆಯ್ತಾ?" ಎನ್ನುತ್ತ ನೀರಿನ ಚೊಂಬು ಚಾಚಿದಳು.

ಚೊಂಬು ಹಿಡಿದ ಆಶಾರಾಣಿಯ ಕೈ ಗಡಗಡ ನಡುಗತೊಡಗಿತು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅವಳು ಅಲ್ಲೇ ಕುಸಿದು ಕೂತಳು.

"ನಿಮ್ಮ ಜೀವಕ್ಕೇ ಕುತ್ತು ತಂದಿದ್ದೆ ಅಪ್ಪಾಜಿ. ನೋಡಿ ನನ್ನ ಕೈ. ಇಂಥ ಕೈಲಿ ಇನ್ಯಾವತ್ತೂ ಹಾರಿಸಲ್ಲ."

ಚನ್ನಬಸವಯ್ಯ ಅವಳ ಪಕ್ಕ ಕೂತು ಚೊಂಬನ್ನು ತಾವೇ ಅವಳ ಬಾಯಿಗೆ ಹಿಡಿದರು. ಅವಳು ಕುಡಿದ ಮೇಲೆ ಕೇಳಿದರು:

"ಮೇಲಿದ್ದಾಗ ನಡುಗ್ತಿತ್ತಾ?"

ಅವಳು ಯೋಚಿಸಿದಳು. "ಇಲ್ಲ."

"ನಾನು ಅದ್ನೇ ನೋಡ್ಕಂಡು ಕುಂತಿದ್ದೆ" ಎಂದರು ಚನ್ನಬಸವಯ್ಯ. "ಕೆಲಸ ಮುಗೀತಲ್ಲ, ಈಗ ನಡುಗ್ಲಿ ಬಿಡು."