ಬಿಳಿ ಕಲೆ

ಬೆನ್ನಿಗೆ ಔಷಧಿ ಪಂಪು ಹೊತ್ತವನು ಆ ದಿನದ ಹದಿನೆಂಟನೇ ಮನೆ ಮುಗಿಸಿ, ಹೊಸ್ತಿಲಲ್ಲೇ ಕುಸಿದು ಕುಳಿತ. ಮುದುಕಿ ಮಜ್ಜಿಗೆ ಕೊಟ್ಟಳು. ಮರಳುನೊಣ ಕಚ್ಚಿ ಜ್ವರ ಹಿಡಿದಿದ್ದ ಅವಳ ಮೊಮ್ಮಗಳು ಮೂಲೆಯಲ್ಲಿ ಮಲಗಿದ್ದಳು.

“ಔಷಧಿ ಹೊಡದ ಗ್ವಾಡಿ ಮ್ಯಾಲ ಕುಂತ್ರ ನೊಣ ಸಾಯ್ತಾವ. ಮೂರು ತಿಂಗಳು ಗ್ವಾಡಿ ಮುಟ್ಟಬ್ಯಾಡ, ಆಯಿ. ನಾಳೆ ಸಾಹೇಬ್ರು ನೋಡಾಕ ಬರ್ತಾರ. ಕೆಲಸ ಸರಿ ಇಲ್ಲಂದ್ರ ನನಗ ಬೈತಾರ.”

“ಆತಪಾ,” ಎಂದಳು ಮುದುಕಿ, ಔಷಧಿ ಒಣಗಿ ಗೋಡೆ ತುಂಬ ಬಿದ್ದ ಬಿಳಿ ಕಲೆಗಳನ್ನೇ ನೋಡುತ್ತ.

ಮರುದಿನ ಸಾಹೇಬರ ಹಿಂದೆ ಅವನು ಬಂದ. ಬಾಗಿಲಿಗೆ ಬಂದ ಮುದುಕಿಯ ಕೈ ಮೊಣಕೈವರೆಗೂ ಸಗಣಿಯಾಗಿತ್ತು.

“ಹೆದರಬ್ಯಾಡ ತಮ್ಮಾ,” ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದಳು, “ನೀ ಮಾಡಿದ ಕಲೆ ಒಂದೂ ಕಾಣದಂಗ ಸಾರಿಸೀನಿ.”