ಮೂರೂವರೆಯ ಜೀಪು

ಮಾನ್ಯ ವಾಚಕ ಮಹಾಶಯರೇ, ಪ್ರೌಢಶಾಲೆಯೊಂದರ ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ಡು ಎಲ್ಲಿರಬೇಕೆಂಬ ಪ್ರಶ್ನೆಯು ತಮ್ಮ ಅಮೂಲ್ಯ ಗಮನಕ್ಕೆ ಅರ್ಹವೆಂದು ತೋರದಿರಬಹುದು. ಆದರೆ ಬಾಳೂರಿನ ದಾರಿಯ ಆ ಶಾಲೆಯಲ್ಲಿ, ದಸರಾ ರಜೆ ಕಳೆದ ಮೊದಲ ಬುಧವಾರದ ಮಧ್ಯಾಹ್ನ, ಅದೇ ಪ್ರಶ್ನೆಯ ದೆಸೆಯಿಂದ ದೈಹಿಕ ಶಿಕ್ಷಕ ಅರುಣ್ ಮುಖ್ಯೋಪಾಧ್ಯಾಯಿನಿ ನಾಗಶ್ರೀಯವರ ಮೇಜಿನ ಮುಂದೆ ಅಪರಾಧಿಯಂತೆ ನಿಂತಿದ್ದನು.

"ಆಟವನ್ನ ಬೆಳಿಗ್ಗೆಗೆ ತಂದು ಗಣಿತವನ್ನ ಕೊನೆಗೆ ತಳ್ಳಿದೀರಿ," ಎಂದರು ನಾಗಶ್ರೀ, ಅವನು ಬರೆದು ತಂದಿದ್ದ ಉಳಿದ ವರ್ಷದ ಯೋಜನೆಯ ಮೇಲಿಂದ ಕಣ್ಣೆತ್ತದೆ. "ಇದು ಯೋಜನೆಯೋ, ನನ್ನ ಮೇಲೆ ಏನಾದ್ರೂ ಸಿಟ್ಟೋ?"

"ಕೊನೆ ಪಿರಿಯಡ್ಡಿಗೆ ಲೈನ್ ಮಕ್ಕಳು ಇರಲ್ಲ ಮೇಡಂ. ಮೂರೂವರೆಗೆ ಎಸ್ಟೇಟ್ ಜೀಪು ಹೊರಡುತ್ತೆ."

"ಅಂದ್ರೆ ಇನ್ನು ಮೇಲೆ ಅವ್ರಿಗೆ ಗಣಿತ ತಪ್ಪಲಿ ಅಂತೀರಿ. ಆಟ ತಪ್ಪಿದ್ರೆ ಯಾವ ಮಗುನೂ ಫೇಲ್ ಆಗಲ್ಲ ಅರುಣ್. ಅಲ್ದೆ, ಹುಟ್ಟಿದಾಗಿಂದ ಗುಡ್ಡ ಹತ್ತಿ ಇಳಿಯೋ ಮಕ್ಕಳಿಗೆ ನೀವು ಯಾವ ಡ್ರಿಲ್ ಕಲಿಸ್ತೀರಿ ಹೇಳಿ."

ಎಸ್ಟೇಟಿನ ಕೂಲಿಯವರ ಸಾಲುಮನೆಗಳಾದ ಲೈನುಗಳಿಗೆ ಹೋಗುವ ದಾರಿಯಲ್ಲಿ ಸಂಜೆಯಾದರೆ ಆನೆಗಳು ಇಳಿಯುತ್ತವೆ. ಜೀಪನ್ನು ಅರೆಗಳಿಗೆ ತಡೆದು ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ಅದೇ ಲೈನಿನಲ್ಲಿ ಬೆಳೆದ ಅರುಣನ ಬಾಲ್ಯದಲ್ಲಿ ಆನೆಯ ಭಯವಿರಲಿಲ್ಲವಾದರೂ ಜೀಪು ಇದೇ ಹೊತ್ತಿಗೆ ಹೊರಡುತ್ತಿತ್ತು: ಕೊಯ್ದ ಕಾಫಿ ಹಣ್ಣಿನ ಸಂಜೆಯ ತೂಕಕ್ಕೆ ಅದು ಎಸ್ಟೇಟಿಗೆ ಬೇಕಾಗುತ್ತಿತ್ತು. ತಂಡ ಹಂಚಿ, ನಾಣ್ಯ ಚಿಮ್ಮಿ, ಇನ್ನೇನು ಚೆಂಡು ಮೇಲೇಳಬೇಕು ಎನ್ನುವಷ್ಟರಲ್ಲಿ ಹಾರನ್ ಕೇಳಿಸುತ್ತಿತ್ತು. ಜೀಪಿನ ಹಿಂಬದಿಯ ಕಂಬಿಗೆ ಜೋತುಬಿದ್ದು ಬಾಲಕ ಅರುಣನು, ಸಿಲ್ವರ್ ಮರಗಳ ನಡುವೆ ಚೂರುಚೂರಾಗಿ ಕಾಣುತ್ತ ಹಿಂದೆ ಸರಿಯುವ ಮೈದಾನವನ್ನೇ ನೋಡುತ್ತಿದ್ದನು. ಓದಿನ ಆ ಮೂರು ವರ್ಷಗಳಲ್ಲಿ ಒಂದೇ ಒಂದು ಆಟದ ಕೊನೆಯನ್ನೂ ಅವನು ಕಣ್ಣಾರೆ ಕಂಡಿರಲಿಲ್ಲ. ಮರುದಿನ ಬೆಳಿಗ್ಗೆ ಗೆದ್ದವರು ಯಾರೆಂದು ಕೇಳಿದರೆ, ಗೆದ್ದವರಿಗೇ ಅದು ಮರೆತು ಹೋಗಿರುತ್ತಿತ್ತು.

ಹೊರಗೆ ಮೊದಲ ಹಾರನ್ ಮೊಳಗಿತು. ಕಿಟಕಿಯಾಚೆ, ಸರ್ವಿಸ್ ಮಾಡಲೆಂದು ಚೆಂಡನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ ಒಂಬತ್ತನೆಯ ತರಗತಿಯ ರಂಜಿತಾ, ಅದನ್ನು ಪಕ್ಕದವಳ ಕೈಗಿತ್ತು, ಚೀಲವನ್ನು ಬೆನ್ನಿಗೇರಿಸಿಕೊಂಡು ಓಡಿದಳು. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ. ಹಾಗೆ ಅರ್ಧಕ್ಕೆ ಬಿಟ್ಟು ಹೋಗುವುದೇ ಆಟದ ನಿಯಮವೆಂಬಂತೆ ಓಡಿದಳು. ಅರುಣನ ಎದೆಗೆ ನಾಟಿದ್ದು ಅದೇ.

"ಗಣಿತ ಇದ್ದಲ್ಲೇ ಇರಲಿ ಮೇಡಂ," ಎಂದನು. "ವಾರಕ್ಕೊಂದು ದಿನ, ಬುಧವಾರ, ನಾನು ಆ ಜೀಪಿನಲ್ಲಿ ಹೋಗ್ತೀನಿ. ಮೇಲೆ ಕಾಫಿ ಒಣಗಿಸೋ ಕಣ ಖಾಲಿ ಇದೆ, ಸುತ್ತ ಬೇಲಿನೂ ಇದೆ. ಕೊಯ್ಲು ಶುರುವಾಗೋವರೆಗೆ ಆಡಿಸಿ ಅಂತ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಹೇಳಿದಾರೆ."

"ವಾಪಸ್ ಹೇಗೆ ಬರ್ತೀರಿ? ಜೀಪು ಇಳಿಯೋದು ಬೆಳಿಗ್ಗೆಯೇ."

"ರೈಟರ್ ಮನೆ ಜಗುಲಿ ಇದೆಯಲ್ಲ."

"ಮನೆಯಲ್ಲಿ ಹೆಂಡತಿ ಏನಂತಾಳೆ?"

"ಹೆಂಡತಿ ಇನ್ನೂ ಆಗಬೇಕಷ್ಟೆ ಮೇಡಂ."

"ಹೀಗೆ ಕಂಡವರ ಜಗುಲಿ ಮೇಲೆ ಮಲಗಿದ್ರೆ ಆದ ಹಾಗೇ." ನಾಗಶ್ರೀಯವರು ಬುಧವಾರದ ಅಂಕಣವನ್ನು ತಿದ್ದಿ ಸಹಿ ಮಾಡಿದರು. "ಇಲ್ಲಿ ಉಳಿದವ್ರನ್ನ ನಾನೇ ನೋಡ್ಕೋತೀನಿ. ಮಂಡಿ ನೋವಿನ ಮೇಡಂ ಆಡಿಸ್ತಾರೆ ಅಂತ ಅವ್ರೂ ಸ್ವಲ್ಪ ನಗಲಿ. ಹೋಗಿ, ಜೀಪು ತಪ್ಪುತ್ತೆ."

ಅರುಣ್ ಹಳೆಯ ನೆಟ್ಟನ್ನು ಸುತ್ತಿ, ಚೆಂಡು, ಸೀಟಿ, ಹಗ್ಗದ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿ, ಬಟ್ಟೆಯ ಗಂಟೊಂದನ್ನು ಕಂಕುಳಿಗಿಟ್ಟು ಹೊರಟನು. ಡ್ರೈವರ್ ಧರ್ಮೇಶ್ ಅವನೊಡನೆ ಇದೇ ಶಾಲೆಯಲ್ಲಿ ಓದಿದವನು. ಜೀಪಿನಿಂದ ಕತ್ತು ಹೊರಹಾಕಿ ನಕ್ಕನು.

"ಏನ್ ಮಾರಾಯ, ಮೇಷ್ಟ್ರಾಗಿ ಹಿಂದೆ ಹತ್ತೋದಾ? ಮುಂದೆ ಬಾ."

"ಹಿಂದೆಯೇ ಅಭ್ಯಾಸ."

"ನೆಟ್ ತಂದಿದೀಯ, ಕಂಬ ಎಲ್ಲಿ?"

"ಒಂದು ತುದಿ ಗೋಡೌನಿನ ಕಿಟಕಿಗೆ, ಇನ್ನೊಂದು ನಿನ್ನ ಜೀಪಿಗೆ."

"ಆನೆ ಬಂದ್ರೆ?"

"ನಿನ್ನ ತಂಡಕ್ಕೆ ಸೇರಿಸ್ಕೋ. ಹಾಗಾದ್ರೂ ಗೆಲ್ತೀಯ."

ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕು, ಒಬ್ಬರ ಮೇಲೊಬ್ಬರು ಒತ್ತಿಕೊಂಡು ಜಾಗ ಮಾಡಿಕೊಟ್ಟರು. ರಂಜಿತಾ ಅವನ ಎದುರಿಗಿದ್ದಳು. ಜೀಪು ಏರಿಗೆ ಮೂತಿ ತಿರುಗಿಸಿ ನರಳತೊಡಗಿದಾಗ ಅವಳು ಮುಂದಕ್ಕೆ ಬಾಗಿದಳು.

"ಸರ್, ಒಂದು ಕೇಳ್ಲಾ?"

"ಕೇಳಮ್ಮ."

"ಆಟ ಪೂರ್ತಿ ಮುಗಿದ ಮೇಲೆ ಏನ್ ಮಾಡ್ತಾರೆ ಸರ್?"

ಅರುಣ್ ಹಿಂದೆ ಸರಿಯುತ್ತಿದ್ದ ರಸ್ತೆಯನ್ನು ನೋಡಿದನು. "ನೆಟ್ಟಿನ ಹತ್ತಿರ ಬಂದು, ಎದುರು ತಂಡದವರ ಕೈ ಕುಲುಕ್ತಾರೆ."

"ಸೋತವ್ರದ್ದೂ?"

"ಸೋತವ್ರದ್ದೂ."

ಅವಳು ಬಲಗೈಯನ್ನು ಯೂನಿಫಾರ್ಮಿಗೆ ಎರಡು ಸಲ ಉಜ್ಜಿ ಒರೆಸಿಕೊಂಡಳು. ದಾರಿಯುದ್ದಕ್ಕೂ ಕಂಬಿಯನ್ನು ಎಡಗೈಯಿಂದ ಮಾತ್ರ ಹಿಡಿದು, ಬಲಗೈಯನ್ನು ಯಾವುದಕ್ಕೂ ತಾಗದಂತೆ ಮಡಿಲಿನ ಮೇಲೆ ಎತ್ತಿ ಹಿಡಿದಿದ್ದಳು.